ಎರಡೂ ಪಾದ ಮುಂದೆ

ಬೀದರಿನ ಈಜುಕೊಳದ ದಂಡೆಯಲ್ಲಿ ಕೋಚ್ ಕಲೀಮನ ಜೀವ ಬಾಯಿಗೆ ಬಂದಿತ್ತು. ಕ್ರೀಡಾ ಹಾಸ್ಟೆಲ್ಲಿಗೆ ಆಯ್ಕೆ. ಐವತ್ತು ಮೀಟರನ್ನು ಮೂವತ್ಮೂರು ಸೆಕೆಂಡಿನೊಳಗೆ ಮುಗಿಸಬೇಕು. ಇರುವುದು ಎರಡೇ ಅವಕಾಶ. ಅವನ ಶಿಷ್ಯೆ ಮಾನಸಿ ಮೊದಲನೆಯದನ್ನು ಆಗಲೇ ಕಳೆದುಕೊಂಡಿದ್ದಳು. ಒಂದು ಸೆಕೆಂಡು ತಡ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಇವತ್ತು ಆಗದಿದ್ದರೆ ಇನ್ನೆಂದೂ ಇಲ್ಲ.

ನೀರಿಗಿಳಿದ ಮೇಲೆ ಹುಡುಗಿ ಯಾರಿಗೂ ಕಡಿಮೆಯಲ್ಲ. ಹಾಳಾಗುವುದೆಲ್ಲ ಹಾರುವಾಗಲೇ. ಕುಳ್ಳಿ, ಗಟ್ಟಿಮುಟ್ಟು ಕಾಲಿನವಳು. ನೀರಿಗೆ ಹಾರುವ ಕಟ್ಟೆಯ ಮೇಲೆ ಒಂದು ಕಾಲು ಹಿಂದಿಟ್ಟು ಬಾಗಿದರೆ ಮೈಭಾರವೆಲ್ಲ ಹಿಂದೆಯೇ ಕೂತುಬಿಡುತ್ತಿತ್ತು. ಉಳಿದವರು ದೂರ ಹೋಗಿ ಬಿದ್ದರೆ ಇವಳು ಕಟ್ಟೆಯ ಬುಡದಲ್ಲೇ ದೊಪ್ಪೆಂದು ಬೀಳುತ್ತಿದ್ದಳು. ಆ ನಿಲುವು ಕಲೀಮನೇ ಕಲಿಸಿದ್ದು. ಕೊಕ್ಕರೆ ಕಾಲಿನ ಹಳೆಯ ಶಿಷ್ಯ ಕುಣಾಲ ಹಾಗೆ ಹಾರಿ ಪದಕ ತಂದಿದ್ದೇ ತಡ, ಕೋಚ್ ಸಾಹೇಬರಿಗೆ ಬೇರೆ ರೀತಿ ಹಾರಬಹುದೆಂಬುದೇ ಮರೆತುಹೋಯಿತು. ಮೂರು ವರ್ಷ ಎಲ್ಲರಿಗೂ ಕುಣಾಲನ ಅಳತೆಯ ಅಂಗಿಯನ್ನೇ ತೊಡಿಸಿದ್ದಾಯಿತು. ಭಾಲ್ಕಿಯಿಂದ ದಿನಾ ಮೊದಲ ಬಸ್ಸಿಗೆ ಬರುತ್ತಿದ್ದ ಮಾನಸಿಯಂತೂ ಬೈಗುಳ ತಿಂದದ್ದೇ ತಿಂದದ್ದು.

ಮೊಮ್ಮಗಳು ಮಾನಸಿಯ ಈಜು ನೋಡಲೆಂದು ಔರಾದ ಕಡೆಯ ಡಾಬಕಾದಿಂದ ಬಂದಿದ್ದ ಅಂಬೂಬಾಯಿ ಅವನ ಹತ್ತಿರ ಬಂದಳು.

"ಸರ್, ಹುಡುಗಿ ಒಂದ ಕಾಲ ಹಿಂದ ಯಾಕ ಇಡ್ತಾಳ್ರಿ? ನಮ್ಮೂರ ಬಾವ್ಯಾಗ ಎರಡೂ ಕಾಲ ಜೋಡಿಸಿ ಹಾರಿದ್ರ ನಡು ಬಾವಿ ದಾಟ್ತಿದ್ಳು."

ಕಲೀಮ ತಿರುಗಿ ಮಾನಸಿಯ ಕಾಲು ನೋಡಿದ. ಆ ಕಾಲುಗಳ ಬಲ ಇಷ್ಟು ದಿನ ತನ್ನ ಕಣ್ಣಿಗೆ ಬೀಳಲೇ ಇಲ್ಲವಲ್ಲ! ಕಟ್ಟೆಯ ಕಡೆಗೆ ಓಡಿದ.

"ಬೇಟಾ, ನಾ ಕಲಿಸಿದ್ದು ಬಿಟ್ಟಬಿಡು. ಬಾವ್ಯಾಗ ಹಾರಿದಂಗ ಹಾರು. ಎರಡೂ ಪಾದ ಮುಂದ!"

"ಈಗೇನ್ರಿ ಸರ್?" ಅಂದಳು ಮಾನಸಿ. "ಹಂಗ ಹಾರೂದು ಮರ್ತೇಬಿಟ್ಟೇನಲ್ರಿ."

ಸೀಟಿ ಮೊಳಗಿತು. ಎರಡೂ ಪಾದಗಳಿಂದ ಒದ್ದು ಹಾರಿದ ಮಾನಸಿ ಎಲ್ಲರಿಗಿಂತ ಮುಂದೆ ಹೋಗಿ ಬಿದ್ದಳು. ಕಲೀಮ ಖುಷಿಯಿಂದ ಕೂಗಿದ. ಆದರೆ ಅಭ್ಯಾಸ ತಪ್ಪಿದ ಹುಡುಗಿ ತಲೆ ತಗ್ಗಿಸುವುದನ್ನು ಮರೆತಿದ್ದಳು. ಈಜುವ ಕನ್ನಡಕ ನೀರಿನ ಹೊಡೆತಕ್ಕೆ ಕಿತ್ತುಹೋಯಿತು. ಕಣ್ಣು ಕಾಣದೆ, ಸಾಲು ಬೇರ್ಪಡಿಸುವ ಪಕ್ಕದ ಹಗ್ಗಕ್ಕೆ ತಾಗಿ, ಸರಿದು, ಮತ್ತೆ ಈಜಿ ಗೋಡೆ ಮುಟ್ಟಿದಳು.

ಮೂವತ್ಮೂರರ ಮೇಲೆ ಸೆಕೆಂಡಿನ ಹತ್ತನೇ ಒಂದು ಪಾಲು. ಆಯ್ಕೆಯವರು ಮುಂದಿನ ತಂಡವನ್ನು ಕರೆದರು.

ಮಾನಸಿ ದಂಡೆ ಹಿಡಿದು ನೀರಿನಲ್ಲೇ ಅಳುತ್ತಿದ್ದಳು. ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಕಲೀಮನಿಗೆ. "ತಪ್ಪು ನಂದರಿ ಅವ್ವಾ," ಅಂದ. ತಪ್ಪು ಯಾರದೆಂಬುದು ಅಂಬೂಬಾಯಿಗೆ ಬೇಕಿರಲಿಲ್ಲ. ಅವನ ತೋಳು ಹಿಡಿದು ಅಲ್ಲಾಡಿಸಿದಳು.

"ಇನ್ನೊಂದ ಸಲ ಹಾರಸ್ರಿ ಸರ್. ನೀವು ಹೇಳಿಕೊಟ್ಟಿದ್ದೇ ಈಗ ಅಲ್ಲೇನ್ರಿ?"