ಕೊರಳಿಗೆ ಕಟ್ಟಿದ ಉತ್ತರ

ನಾನು ಒಂದು ಅಂಗೈಯಗಲದ ಕಾರ್ಡು. ಮದ್ದೂರು ಬಸ್ ನಿಲ್ದಾಣದ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಹುಟ್ಟಿ, ಬಿಸಿ ಪ್ಲಾಸ್ಟಿಕ್ಕಿನ ಅಂಗಿ ತೊಟ್ಟು, ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ಬಂದೆ. ಮೈಮೇಲೆ ಕನ್ನಡ ಅಕ್ಷರ, ಇಂಗ್ಲಿಷ್ ಮಾತು: ‘ಕಂಪ್ಲಯನ್ಸ್ ಆಡಿಟ್’, ‘ನೋ ಫೋರ್ಸ್ಡ್ ಓವರ್‌ಟೈಮ್’, ‘ಎಮರ್ಜೆನ್ಸಿ ಎಕ್ಸಿಟ್ ಆಲ್‌ವೇಸ್ ಅನ್‌ಲಾಕ್ಡ್’. ಬಟ್ಟೆ ಕೊಳ್ಳುವ ವಿದೇಶಿ ಕಂಪನಿ ತಪಾಸಣೆಗೆ ಕಳಿಸಿದವರ ಮುಂದೆ ಟೈಲರುಗಳು ಒಪ್ಪಿಸಬೇಕಾದ ಉತ್ತರಗಳು. ಹುಟ್ಟಿದ ದಿನವೇ ನನ್ನ ಬಾಯಿಗೆ ಸುಳ್ಳು ತುರುಕಿದ್ದರು.

ಮೊದಲು ನನ್ನನ್ನು ಕೊರಳಿಗೆ ಹಾಕಿಕೊಂಡವಳು ಕೆಂಪಾಜಮ್ಮ. ಒಂದು ಮಧ್ಯಾಹ್ನ ಇಸ್ತ್ರಿ ವಿಭಾಗದಲ್ಲಿ ಹೊಗೆ ಎದ್ದಿತು. ಯಾರೂ ಶರ್ಟು ಕದ್ದೊಯ್ಯಬಾರದೆಂದು ತುರ್ತಿಗೆಂದು ಇದ್ದ ಹಿಂಬಾಗಿಲಿಗೆ ಬೀಗ ಜಡಿದಿದ್ದರು. ಎಲ್ಲರೂ ಒಂದೇ ಮೆಟ್ಟಿಲಿಗೆ ನುಗ್ಗಿದಾಗ ಅವಳು ಬಿದ್ದು ಸೊಂಟ ಮುರಿದುಕೊಂಡಳು. ಆಗಲೂ ನಾನು ಅವಳ ಎದೆಯ ಮೇಲೆ ‘ಅನ್‌ಲಾಕ್ಡ್’ ಎನ್ನುತ್ತಿದ್ದೆ. ಆ ಸಿಟ್ಟು ಇಂದಿಗೂ ಇಳಿದಿಲ್ಲ.

ಎಚ್.ಆರ್. ಅಧಿಕಾರಿ ಲೋಹಿತ್ ನನ್ನನ್ನು ಒರೆಸಿ, ಅವಳ ಜಾಗಕ್ಕೆ ಬಂದ ನಾಗವೇಣಿಗೆ ಕೊಟ್ಟ. ಇದರ ಅರ್ಥವೇನೆಂದು ಅವಳು ಕೇಳಿದಳು.

“ಅರ್ಥ ತಕ್ಕೊಂಡು ಏನಮ್ಮ ಮಾಡ್ತೀಯ? ಹೇಳಿದ್ರೆ ಸಾಕು.”

ಅವಳು ಬಸ್ಸಿನಲ್ಲಿ ದಿನಾ ಸಿಗುವ ಹೈಸ್ಕೂಲು ಮೇಷ್ಟ್ರಿಂದ ಒಂದೊಂದೇ ಪದ ಬಿಡಿಸಿಕೊಂಡಳು: ತುರ್ತು ಬಾಗಿಲಿಗೆ ಯಾವಾಗಲೂ ಬೀಗ ಇರುವುದಿಲ್ಲ.

ಆಡಿಟ್ ದಿನ ಬೆಳಿಗ್ಗೆ ಬೀಗ ತೆಗೆದರು. ತಪಾಸಣೆಯ ಮೇಡಂ ಕೇಳಿದ್ದಕ್ಕೆ ಎಲ್ಲರೂ ನನ್ನ ಸಾಲನ್ನೇ ಒಪ್ಪಿಸಿದರು. ನಾಗವೇಣಿ ಮಾತ್ರ, “ಟುಡೇ ಅನ್‌ಲಾಕ್ಡ್, ಮೇಡಂ. ಆಲ್‌ವೇಸ್ ಲಾಕ್ಡ್,” ಅಂದಳು.

ವರದಿಯಲ್ಲಿ ‘ಮೇಜರ್ ನಾನ್‌ಕಂಪ್ಲಯನ್ಸ್’, ದೊಡ್ಡ ನಿಯಮಭಂಗ, ಎಂದು ಬಂತು, ಅದನ್ನು ಸರಿಪಡಿಸುವ ‘ಕರೆಕ್ಟಿವ್ ಆ್ಯಕ್ಷನ್’ ಬೇಕೆಂದೂ ಬಂತು. ಆಫೀಸಿನವರು ತೆರೆದ ಬಾಗಿಲಿನ ಫೋಟೋ ಕಳಿಸಿದರು. ‘ಕ್ಲೋಸ್ಡ್’, ಆ ವಿಷಯ ಮುಗಿಯಿತು, ಎಂದು ಉತ್ತರ ಬಂದ ಸಂಜೆಯೇ ಬೀಗ ಮತ್ತೆ ಬಿತ್ತು. ಎಂಥ ನಾಚಿಕೆಗೇಡಿನ ಜನ!

ಮರುದಿನ ನಾಗವೇಣಿ ಮಷೀನಿಗೆ ಕೂರಲಿಲ್ಲ.

“ಏನ್ ನಾಗವೇಣಿ, ನಾಕ್ ಇಂಗ್ಲಿಷ್ ಬಂತು ಅಂತ ಲೀಡ್ರಾಗ್ಬುಟ್ಯಾ?” ಎಂದ ಲೋಹಿತ್.

“ಬೀಗ ತಗ್ಸಿ ಸಾರ್, ಕೂತ್ಕೋತೀನಿ. ಕೆಂಪಾಜಮ್ಮ ಇನ್ನೂವೆ ಕೋಲ್ ಹಿಡ್ಕಂಡ್ ಓಡಾಡ್ತಾವ್ಳೆ.”

ಪಕ್ಕದ ಮಷೀನು ನಿಂತಿತು. ಅದರ ಪಕ್ಕದ್ದೂ ನಿಂತಿತು. ಊಟದ ಗಂಟೆಯೊಳಗೆ ಇಡೀ ಸಾಲು ಎದ್ದು ನಿಂತಿತ್ತು. ಲೋಹಿತ್ ಬೀಗವನ್ನಷ್ಟೇ ತೆಗೆಸಿದ. ಬೀಗ ಮತ್ತೆ ಬೀಳದಂತೆ ಅವನು ಚಿಲಕವನ್ನೂ ಕತ್ತರಿಸಿ ಹಾಕಿಸುವ ತನಕ ಹೆಂಗಸರು ಕೂರಲಿಲ್ಲ.

ಆ ತಪ್ಪಿಗೆ ನಾಗವೇಣಿಯನ್ನು ದಾರ ಕತ್ತರಿಸುವ ಕೆಲಸಕ್ಕೆ ಇಳಿಸಿದರು. ಎಲ್ಲರ ಕೊರಳಿಂದಲೂ ಕಾರ್ಡುಗಳಾದ ನಮ್ಮನ್ನು ಕಿತ್ತುಕೊಂಡು ಹಿಂಬಾಗಿಲ ಬಳಿಯ ಚಿಂದಿ ಮೂಟೆಗೆ ಎಸೆದರು. ಪ್ಲಾಸ್ಟಿಕ್ಕು ಬಿಟ್ಟುಕೊಂಡಿದೆ, ಅಕ್ಷರ ಮಾಸಿದೆ. ಇಲ್ಲಿಂದ ಆ ಬಾಗಿಲು ಕಾಣುತ್ತದೆ, ಗಾಳಿಗೆ ಬಡಿದುಕೊಳ್ಳುತ್ತದೆ. ನನ್ನ ಮೈಮೇಲಿನ ಒಂದು ಸಾಲು ಕೊನೆಗೂ ನಿಜವಾಯಿತು. ಅದನ್ನು ಬರೆಸಿದವರಿಂದಲ್ಲ.