ಅಂಟಿಲ್ಲದ ಬಿಲ್ಲೆ

“ಇನ್ನೂ ಸ್ವಲ್ಪ ಬಿಸಿ ಏರ್ಸಿ” ಎನ್ನುತ್ತ ಅವನು ತೆಳ್ಳನೆಯ ಅಲಗನ್ನು ಬಿಲ್ಲೆಯ ಪಕ್ಕೆಗೆ ಒತ್ತಿ ಹಿಡಿದ. ಕಾದ ತಟ್ಟೆಯ ಮೇಲೆ ಕೂತಿದ್ದ ಬಿಲ್ಲೆ ಬಾಯಿ ಬಿಡಲಿಲ್ಲ. ಗಾಜು ಎತ್ತುವ ರಬ್ಬರ್ ಬಟ್ಟಲನ್ನು ಕಚ್ಚಿಸಿ ಎಳೆದರೆ ಬಟ್ಟಲೇ ಪಚಕ್ಕೆಂದು ಕಿತ್ತು ಬಂತು. ಕನ್ನಡಕದ ಸಹಾಯಕಿ ಗುಂಡಿ ತಿರುಗಿಸಿ ಬಿಸಿ ಏರಿಸಿದಳು. ಕೋಣೆಯಲ್ಲಿ ಇಸ್ತ್ರಿ ಅಂಗಡಿಯಂಥ ವಾಸನೆ ಹಬ್ಬಿತು. ಅಂಟು ಇಷ್ಟೊತ್ತಿಗೆ ಕರಗಬೇಕಿತ್ತು. ಎಂಥ ಅಂಟು ಹಾಕಿದ್ದಾರೆ ಇವರು ಎಂದು ಅವನು ಹಲ್ಲು ಕಡಿದ. ಕೊನೆಗೆ ಬಿಲ್ಲೆಯನ್ನು ಇಕ್ಕಳದ ಬಾಯಿಗೆ ಕೊಟ್ಟು, ಸುತ್ತಿನ ಬಳೆಗೆ ತಾಗದಂತೆ ಸಣ್ಣ ಗರಗಸದಲ್ಲಿ ಕೊಯ್ದರು.

ಎರಡು ಹೋಳಾಯಿತು. ಅವನು ಆ ಬಳೆಯನ್ನು ಹೆಬ್ಬೆರಳಿನಿಂದ ತಿರುಗಿಸಿದ. ಅದು ಎಣ್ಣೆ ಹಚ್ಚಿದ ಹಾಗೆ ಜಾರಿತು. ಮತ್ತೆ ತಿರುಗಿಸಿದ, ಕಿವಿಯ ಹತ್ತಿರ ಹಿಡಿದು ತಿರುಗಿಸಿದ. ಊರೆಲ್ಲ ಹೊಗಳುತ್ತಿದ್ದ ಆ ಕಟಕ್, ಕಟಕ್ ಎಂಬ ತಡೆ ಬೆರಳಿಗೆ ತಾಗಲೇ ಇಲ್ಲ.

ಅವನ ಹೊಟ್ಟೆ ತಣ್ಣಗಾಯಿತು. ತಡೆ ಬೇಗ ಸವೆದುಹೋಗುತ್ತದೆ, ವಸ್ತು ಬಾಳಿಕೆಯದಲ್ಲ ಎಂದು ಬರೆದುಕೊಳ್ಳಲು ಹೇಳಿದ. ಇನ್ನೊಂದು ತರಿಸಿ ನೋಡೋಣವೇ ಎಂದು ಸಹಾಯಕಿ ಕೇಳಿದಾಗ, ಅನ್ನ ಬೆಂದಿತೇ ಎಂದು ನೋಡಲು ಒಂದು ಅಗುಳು ಸಾಲದೇ ಎಂಬಂತೆ ಕೈಯಾಡಿಸಿದ.

ಕಂಪನಿಯಲ್ಲಿ ಆ ಜಾಗಕ್ಕೆ ಬಿಚ್ಚುವ ಕೋಣೆ ಎಂದು ಹೆಸರು. ಹಿಂದೆ ಅಂಥ ಕೋಣೆ ಇರಲಿಲ್ಲ. ಕಂಪನಿ ಹೊಸದೊಂದು ಫೋನು ಬಿಟ್ಟರೆ ಬೇರೆ ಕಂಪನಿಯವರು ತಮ್ಮ ತಮ್ಮ ಕೋಣೆಗಳಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅದನ್ನು ಬಿಚ್ಚುತ್ತಿದ್ದರು. ಈಗ ಬಿಚ್ಚುವ ಸರದಿ ಈ ಕಂಪನಿಯದಾಗಿ, ಕಿಟಕಿಯಿಲ್ಲದ ಈ ಕೋಣೆಗೆ ಎರಡನೇ ಬಾಗಿಲು ಇಟ್ಟು ದೊಡ್ಡದು ಮಾಡಿದ್ದರು. ಬೇರೆಯವರ ವಸ್ತು ಬಂದರೆ ಅದರ ಡಬ್ಬಿ, ಒಳಗಿನ ಸೂಚನೆಯ ಚೀಟಿ ಸಮೇತ, ಡಬ್ಬಿಯ ವಿಭಾಗಕ್ಕೆ ಹೋಗುತ್ತಿತ್ತು, ಬರೀ ವಸ್ತು ಇಲ್ಲಿಗೆ. ಬಂದದ್ದನ್ನೆಲ್ಲ ಮೊದಲು ಕಾಯಿಸುವುದು ರೂಢಿ. ಯಾಕೆಂದರೆ ಕಂಪನಿಯ ಫೋನುಗಳೆಲ್ಲ ಅಂಟಿನಿಂದ ಮುಚ್ಚಿದವು. ಮುಚ್ಚಳವೆಂದರೆ ಅಂಟು ಎಂದೇ ಇಲ್ಲಿನವರ ಕೈಗಳು ಕಲಿತಿದ್ದವು.

ಅವನ ಸ್ವಂತ ಕೆಲಸ ಅಂಚು. ಫೋನಿನ ಅಂಚು ಅಂಗೈಗೆ ಹೇಗೆ ಕೂರಬೇಕು, ಬೆಳಕು ಅದರ ಮೇಲೆ ಎಲ್ಲಿ ಮುರಿಯಬೇಕು ಎಂಬುದು. ವರ್ಷಕ್ಕೊಮ್ಮೆ ಆ ಅಂಚಿನಿಂದ ಕೂದಲೆಳೆಯಷ್ಟು ತೆಗೆಯುತ್ತಿದ್ದ. ಬಣ್ಣದವರು ಹೊಸ ಬಣ್ಣ ಕೊಡುತ್ತಿದ್ದರು. ಜನ ಕೊಳ್ಳುತ್ತಲೂ ಇದ್ದರು, ಕೊಂಡು ಆಕಳಿಸುತ್ತಲೂ ಇದ್ದರು. ಬಿಲ್ಲೆಯನ್ನು ಬಿಚ್ಚುವುದು ಅವನ ಪಾಲಿಗೆ ಬರುವ ಕೆಲಸವಾಗಿರಲಿಲ್ಲ. ತಾನೇ ಕೇಳಿ ಹಾಕಿಸಿಕೊಂಡಿದ್ದ. ಬಿಲ್ಲೆ ಮಾಡಿದವನು ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಈ ಸಂಗತಿಯನ್ನು ಮಾತ್ರ ಕಂಪನಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮಾವನ ಮನೆಯಲ್ಲಿ ಇವನು ದೊಡ್ಡಳಿಯ, ಷಡ್ಡಕ ಚಿಕ್ಕಳಿಯ. ಬುದ್ಧಿವಂತ ಅಳಿಯ ಯಾರು ಎಂಬ ಪ್ರಶ್ನೆ ಆ ಮನೆಯಲ್ಲಿ ಬಹಳ ದಿನ ಏಳಲೇ ಇಲ್ಲ. ಚಿಕ್ಕಳಿಯನನ್ನು ಕಂಪನಿಗೆ ಸೇರಿಸಿದವನೇ ದೊಡ್ಡಳಿಯ. ಡಬ್ಬಿಯ ವಿಭಾಗದಲ್ಲಿ, ಮುಚ್ಚಳ ಎತ್ತಿದಾಗ ಗಾಳಿ ಎಷ್ಟು ನಿಧಾನ ಒಳಗೆ ಹೋಗಬೇಕು ಎಂದು ಲೆಕ್ಕ ಹಾಕುವ ಕೆಲಸ. ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ “ನಮ್ಮ ಹುಡುಗ” ಎಂದು ತೋರಿಸುತ್ತಿದ್ದ ಆ ದಿನಗಳಲ್ಲಿ ಅವನಿಗೆ ಷಡ್ಡಕನ ಮೇಲೆ ನಿಜವಾದ ಪ್ರೀತಿಯಿತ್ತು. ಆಮೇಲೆ ಹುಡುಗ ಕೆಲಸ ಬಿಟ್ಟ. ಸೈಕಲ್ ರಿಪೇರಿ ಅಂಗಡಿಯ ಮೇಲೊಂದು ಕೋಣೆ ಹಿಡಿದು, ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಏನೋ ತಿರುಗಿಸುತ್ತ ಕೂತ. ಕೆಲಸ ಬಿಟ್ಟ ಸುದ್ದಿ ಕೇಳಿ ದೊಡ್ಡಳಿಯ ಅತ್ತೆಯ ಅಡುಗೆಮನೆಯಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ.

ಅಲ್ಲಿಂದ ಬಂದದ್ದು ಬಿಲ್ಲೆ. ಅದಕ್ಕೆ ಪರದೆಯೇ ಇಲ್ಲ. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಗಾತ್ರ. ಸುತ್ತಿನ ಬಳೆ ತಿರುಗಿಸಿದರೆ ಒಂದೊಂದು ಕಟಕ್‌ಗೆ ಒಬ್ಬೊಬ್ಬರು, ಬೇಕಾದವರ ಹತ್ತಿರ ನಿಲ್ಲಿಸಿ ಒತ್ತಿದರೆ ಮಾತಾಡಬಹುದು. ಪರದೆ ನೋಡಿ ನೋಡಿ ಬೇಸತ್ತಿದ್ದ ಜನ ಅದನ್ನು ಜೇಬಿನಲ್ಲಿ ಸುಮ್ಮನೆ ತಿರುಗಿಸುತ್ತ ಓಡಾಡತೊಡಗಿದರು. ಬಸ್ ನಿಲ್ದಾಣದಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಎಲ್ಲ ಕಡೆ ಆ ಕಟಕ್. ದೊಡ್ಡಳಿಯನಿಗೆ ಅದು ಹಲ್ಲಿನೊಳಗೆ ಕೇಳುತ್ತಿತ್ತು. ಅದನ್ನು ಒಮ್ಮೆಯೂ ಕೈಯಲ್ಲಿ ಹಿಡಿಯದೆ ಎಲ್ಲರಿಂದ ತಪ್ಪಿಸಿಕೊಂಡಿದ್ದ. ಮೊದಲು ಮುಟ್ಟಿದ್ದೇ ಕಾದ ತಟ್ಟೆಯ ಮೇಲೆ.

ವರದಿ ಮೇಲೆ ಹೋಯಿತು. ಮೆಲುದನಿಯ ನಿರ್ದೇಶಕಿ ಅದನ್ನು ಓದಿ, ಹಾಗಾದರೆ ಆ ಪುಟ್ಟ ಕಂಪನಿಯನ್ನು ಕೊಳ್ಳುವ ಮಾತು ಬೇಡ, ತಾನಾಗಿ ಉದುರುತ್ತದೆ ಎಂದಳಂತೆ. ಭಾನುವಾರ ಮಾವನ ಮನೆಗೆ ಹೊರಟಾಗ ದೊಡ್ಡಳಿಯನಿಗೆ ಹಾಲು ಕುಡಿದಷ್ಟು ಸಂತೋಷ. ಕನ್ನಡಿಯ ಮುಂದೆ ಅಂಗಿ ಬದಲಿಸಿ ಬದಲಿಸಿ ನೋಡಿಕೊಂಡ.

ಮಾವ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಈಗಲೂ ಯಾರನ್ನು ಮಾತಾಡಿಸಿದರೂ ಟಿಕೆಟ್ ಎಲ್ಲಿ ಎಂದು ಕೇಳುವ ಧಾಟಿ. ಈ ದೈತ್ಯ ಕಂಪನಿಯಲ್ಲಿ ಹೊಸತು ಹುಟ್ಟುವುದು ನಿಂತಿದೆಯೇ ಎಂದು ಪತ್ರಿಕೆಯವರು ಅರ್ಧ ಪುಟ ಬರೆದಿದ್ದರು. ಮಾವ ಅದನ್ನು ಪ್ಲಾಟ್‌ಫಾರ್ಮಿನ ಸೂಚನೆಯಂತೆ ಗಟ್ಟಿಯಾಗಿ ಓದಿ, ಕನ್ನಡಕದ ಮೇಲಿಂದ ನೋಡಿದರು.

“ಈ ಸಲ ಏನು ಬಿಡ್ತಿದೀರಿ ಅಳಿಯಂದ್ರೇ, ಬಣ್ಣಾನಾ?”

ಎಲ್ಲರೂ ನಕ್ಕರು. ಚಿಕ್ಕಳಿಯ ಮಾತ್ರ ನಗಲಿಲ್ಲ, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ ಬಗ್ಗಿ ಕೂತಿದ್ದ. ಆ ಮರ್ಯಾದೆಯೇ ದೊಡ್ಡಳಿಯನಿಗೆ ಹೆಚ್ಚು ಚುಚ್ಚಿತು. ಆದರೂ ಅವನು ತನ್ನೊಳಗಿನ ಗುಟ್ಟನ್ನು ನೆನೆದು ನಕ್ಕ. ಅತ್ತೆಯ ಕೈಯಲ್ಲಿ ಬಿಲ್ಲೆ ಇತ್ತು. ತಾನು ಹುಟ್ಟುಹಬ್ಬಕ್ಕೆ ಕೊಟ್ಟ ಫೋನು ಗಾಜಿನ ಬೀರುವಿನಲ್ಲಿ ಹೂದಾನಿಗೆ ಒರಗಿ ನಿಂತಿತ್ತು. ಅತ್ತೆ ಒಂದು ಕಾಲದಲ್ಲಿ ಟೆಲಿಫೋನ್ ಕಚೇರಿಯಲ್ಲಿ ಕರೆ ಜೋಡಿಸಲು ತಂತಿ ಚುಚ್ಚುತ್ತಿದ್ದವರು. ಈಗ ಮಾತಿನ ನಡುವೆ ನೋಡದೆಯೇ ತಿರುಗಿಸುತ್ತಿದ್ದರು. ಅದು ಇನ್ನೇನು ಸಡಿಲವಾದೀತು ಎಂದು ಕಾಯುತ್ತ ಅವನು ಚಹಾ ಆರಲು ಬಿಟ್ಟ. ಕಟಕ್. ಕಟಕ್. ಹೊಸದರ ಹಾಗೆಯೇ ಗಟ್ಟಿ.

ತಡೆಯಲಾರದೆ, ಇದು ಸಡಿಲ ಆಗಲಿಲ್ಲವೇ ಅತ್ತೆ ಎಂದು ಕೇಳಿಬಿಟ್ಟ. ಸಡಿಲ ಇಲ್ಲಪ್ಪ, ಆದರೆ ಒಳಗೆ ಸಕ್ಕರೆ ಹೋಗಿ ಕರಕರ ಎನ್ನುತ್ತಿದೆ ಎಂದರು ಅತ್ತೆ. ಚಿಕ್ಕಳಿಯ ಕೈಚಾಚಿ ಬಿಲ್ಲೆ ತೆಗೆದುಕೊಂಡ. ಅಂಗೈಯಲ್ಲಿ ಒತ್ತಿ, ಎಡಕ್ಕೆ ತಿರುಗಿಸಿದ. ಬಿಲ್ಲೆ ಪೌಡರ್ ಡಬ್ಬಿಯ ಹಾಗೆ ಬಿಚ್ಚಿಕೊಂಡಿತು.

ಅವನು ಒಳಗಿನ ಸಕ್ಕರೆಯನ್ನು ಊದಿದ. ಬಳೆಯೊಳಗೆ ಸಾಲಾಗಿ ಕೂತಿದ್ದ ಸಾಸಿವೆಯಂಥ ಚೂರುಗಳನ್ನು ಅತ್ತೆಗೆ ತೋರಿಸುತ್ತ, ಕಟಕ್ ಬರುವುದು ಈ ಆಯಸ್ಕಾಂತಗಳಿಂದ, ಒಂದಕ್ಕೊಂದು ತಾಗುವುದೇ ಇಲ್ಲ, ಹಾಗಾಗಿ ಸವೆಯುವ ಮಾತೇ ಇಲ್ಲ ಎಂದ. “ಒಲೆ ಹತ್ರ ಮಾತ್ರ ಇಡ್ಬೇಡಿ ಅತ್ತೆ. ಜಾಸ್ತಿ ಕಾದ್ರೆ ಆಯಸ್ಕಾಂತ ಸತ್ತೋಗತ್ತೆ.”

ಕಾದ ತಟ್ಟೆ ನೆನಪಾಗಿ ದೊಡ್ಡಳಿಯ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದ. ಯಾಕಣ್ಣ ಕೇಳಿದಿರಿ ಎಂದು ಚಿಕ್ಕಳಿಯ ಅವನ ಕಡೆ ತಿರುಗಿದಾಗ, ಸುಮ್ಮನೆ ಎಂದ. ಮನೆಗೆ ವಾಪಸಾಗುವಾಗ ಹೆಂಡತಿ ಕಾರಿನ ಗಾಜು ಇಳಿಸಿದಳು. ಚಳಿ, ಹಾಕು ಎಂದ. “ನಿಮ್ಮ ಹೊಟ್ಟೇಲಿ ಹೊಗೆ ಏಳ್ತಿದೆ. ನಂಗೆ ಉಸಿರು ಕಟ್ಟತ್ತೆ” ಎಂದಳು ಅವಳು, ಮುಂದಿನ ರಸ್ತೆ ನೋಡುತ್ತ.

ವಾರವಿಡೀ ಅವನು ವರದಿಯ ಬಗ್ಗೆ ತುಟಿ ಬಿಚ್ಚಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅವನಿಗೆ ನಷ್ಟವೇನೂ ಇರಲಿಲ್ಲ. ಕಂಪನಿ ಕೊಳ್ಳುವುದಿಲ್ಲ, ಷಡ್ಡಕನಿಗೆ ದೊಡ್ಡ ಬಾಗಿಲು ತೆರೆಯುವುದಿಲ್ಲ. ಹಾಗೆಂದುಕೊಂಡು ಮಲಗಿದರೆ ನಿದ್ದೆ ಬರಬೇಕಿತ್ತು. ಆದರೆ ಕಣ್ಣಿಗೆ ಕಟ್ಟುತ್ತಿದ್ದದ್ದು ಬೇರೆ. ಆ ಮನುಷ್ಯ ಸಕ್ಕರೆ ಊದಿದ ರೀತಿ. ತಾನು ಮಾಡಿದ್ದನ್ನು ತಾನೇ ಬಿಚ್ಚಿ, ಒರೆಸಿ, ಮುಚ್ಚಿ, ಮತ್ತೆ ಬಿಸ್ಕತ್ತಿಗೆ ಕೈ ಹಾಕಿದ ರೀತಿ. ಹೊರಗೇ ಬಿಟ್ಟರೆ ಅವನು ಪ್ರತಿ ಭಾನುವಾರ ಜೇಬಿನಿಂದ ಏನಾದರೊಂದು ತೆಗೆಯುತ್ತಾನೆ. ಇಂದು ಬಿಲ್ಲೆ, ನಾಳೆ ಇನ್ನೊಂದು, ಯಾರನ್ನೂ ಕೇಳದೆ.

ಒಳಗೆ ಬಂದರೆ? ಈ ಕಟ್ಟಡ ಒಂದು ಹೊಸ ವಿಚಾರಕ್ಕೆ ಏನು ಮಾಡುತ್ತದೆ ಎಂದು ದೊಡ್ಡಳಿಯನಷ್ಟು ಬಲ್ಲವರು ಇರಲಿಲ್ಲ. ಮೊದಲು ಚಪ್ಪಾಳೆ. ಆಮೇಲೆ ಸಭೆ. ಸಭೆಗೆ ಮುಂಚೆ ಇನ್ನೊಂದು ಸಭೆ. ಬಿಲ್ಲೆಗೆ ಒಂದು ಪುಟ್ಟ ಪರದೆ ಇದ್ದರೆ ಹೇಗೆ ಎಂದು ಯಾರೋ ಕೇಳುತ್ತಾರೆ. ಬಿಚ್ಚಲು ಬಾರದಂತೆ ಅಂಟು ಹಾಕುತ್ತಾರೆ. ಮರುವರ್ಷ ಬಣ್ಣ. ಕೊರಳಿಗೆ ಗುರುತಿನ ಚೀಟಿ ತೂಗಿಕೊಂಡು ಷಡ್ಡಕ ಅದೇ ಲಿಫ್ಟಿನಲ್ಲಿ, ಅದೇ ಮುಖ ಹೊತ್ತು ನಿಲ್ಲುತ್ತಾನೆ. ಆ ಚಿತ್ರ ಮೂಡಿದ ಮೇಲೆಯೇ ಅವನಿಗೆ ನಿದ್ದೆ ಹತ್ತಿದ್ದು.

ಮರುದಿನ ಬೆಳಗ್ಗೆ ಒಂದು ಹೊಸ ಬಿಲ್ಲೆ ಕೊಂಡು ನಿರ್ದೇಶಕಿಯ ಮೇಜಿನ ಮೇಲಿಟ್ಟು, ಒತ್ತಿ, ಎಡಕ್ಕೆ ತಿರುಗಿಸಿ ಬಿಚ್ಚಿ, ತಡೆ ಹೋದದ್ದು ತಾವು ಕಾಯಿಸಿದ್ದರಿಂದ ಎಂದ. ಆಕೆ ಎರಡು ಅರ್ಧಗಳನ್ನೂ ಕೈಗೆತ್ತಿಕೊಂಡಳು.

“ಅಂದ್ರೆ, ನಮ್ಮಲ್ಲಿ ಒಬ್ರೂ ಮುಚ್ಚಳ ತಿರುಗಿಸಿ ನೋಡ್ಲಿಲ್ಲ.”

ಅವಳ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. ಅವನು ತಲೆ ತಗ್ಗಿಸಿ, ಬಿಲ್ಲೆಯವನು ತನ್ನ ಷಡ್ಡಕ, ಹೇಳಿದರೆ ಕೇಳುತ್ತಾನೆ ಎಂದ. ಕೊಳ್ಳುವ ಮಾತು ಮತ್ತೆ ಎದ್ದಿತು. ಷಡ್ಡಕನಿಗೆ ಕಟ್ಟಡದ ಒಂದಿಡೀ ಮಹಡಿ, ಬೇಕಾದಷ್ಟು ಜನ, ಬಿಲ್ಲೆಗೆ ಅದರದೇ ಹೆಸರು ಎಂದು ತೀರ್ಮಾನಿಸಿ, ಮೊದಲು ಹೋಗಿ ಮಾತಾಡಿ ಬಾ ಎಂದು ಇವನನ್ನೇ ಕಳಿಸಿದರು.

ಸೈಕಲ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಹೋದಾಗ ಮಧ್ಯಾಹ್ನದ ಬಿಸಿಲು ಕೋಣೆಯ ತುಂಬ ಬಿದ್ದಿತ್ತು. ಕೆಳಗಿನಿಂದ ಟ್ಯೂಬಿನ ರಬ್ಬರ್ ವಾಸನೆ. ಎರಡು ಬಾಗಿಲುಗಳನ್ನು ಜೋಡಿಸಿ ಮಾಡಿದ ಮೇಜು, ಅವುಗಳ ಹಿಡಿಗಳನ್ನು ಕೂಡ ಕಿತ್ತಿರಲಿಲ್ಲ. ಚಿಕ್ಕಳಿಯ ಎದ್ದು ತನ್ನ ಕುರ್ಚಿ ಕೊಟ್ಟು ಡಬ್ಬವೊಂದರ ಮೇಲೆ ಕೂತ. ಇಬ್ಬರು ಗೆಳೆಯರು, ಒಬ್ಬ ಗಡ್ಡದವನು, ಒಬ್ಬಳು ಅಂಗಿಯ ತೋಳು ಮಡಿಸಿದವಳು, ಕೆಲಸ ನಿಲ್ಲಿಸದೆಯೇ ನಮಸ್ಕಾರ ಹೇಳಿದರು.

ದೊಡ್ಡಳಿಯ ತಾನು ತಂದ ಮಾತನ್ನು ಮುಂದಿಟ್ಟ. ಮಹಡಿಯ ವಿಷಯವನ್ನು ಅವಸರವಾಗಿ ಹೇಳಿ ಮುಗಿಸಿದ. ತನಗೇ ಒಂದು ಮೂಲೆ ಬಿಟ್ಟು ಮಹಡಿ ಎಂದೂ ಸಿಕ್ಕಿರಲಿಲ್ಲ. ಚಿಕ್ಕಳಿಯ ಪೂರ್ತಿ ಕೇಳಿದ. ಆಮೇಲೆ ಅದೇ ಮರ್ಯಾದೆಯ ದನಿಯಲ್ಲಿ, ಈ ಮಾತು ಬೇರೆಯವರಿಂದಲೂ ಬಂದಿತ್ತು, ಮೂವರೂ ಸೇರಿ ಮಾರುವುದಿಲ್ಲವೆಂದು ಆಗಲೇ ನಿಶ್ಚಯಿಸಿದ್ದೇವೆ, ನೀವೇ ಬಂದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ ಎಂದ. ಗಡ್ಡದವನು, ಅಲ್ಲಿಯ ಡಬ್ಬಿಗಳಲ್ಲಿ ಗಾಳಿ ಹೋಗುವುದನ್ನು ಕಾದು ಕಾದು ಇವನಿಗೆ ಸಾಕಾಗಿದೆ ಎಂದು ತಮಾಷೆ ಮಾಡಿದ.

ದೊಡ್ಡಳಿಯ ಏಳಬೇಕಿತ್ತು. ಅಷ್ಟರಲ್ಲಿ ತೋಳು ಮಡಿಸಿದವಳು ಹೊಸ ಬಿಲ್ಲೆಯ ಮಾದರಿಯೊಂದನ್ನು ಸಿಟ್ಟಿನಿಂದ ಮೇಜಿಗೆ ಎಸೆದಳು. ಮುದುಕರಿಗೆಂದು ಮಾಡುತ್ತಿರುವುದು, ಆದರೆ ಸ್ವಲ್ಪ ಹೊತ್ತು ಹಿಡಿದರೆ ಅಂಗೈಯನ್ನು ಕೊರೆಯುತ್ತದೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ ಎಂದಳು. ಅದು ಉರುಳಿ ಅವನ ಮುಂದೆ ನಿಂತಿತು. ಅವನು ಬೇಡವೆಂದುಕೊಂಡೇ ಎತ್ತಿಕೊಂಡ. ಹೆಬ್ಬೆರಳು ಒಂದು ಸುತ್ತು ಹೋಗುವಷ್ಟರಲ್ಲಿ ತಪ್ಪು ಎಲ್ಲಿದೆಯೆಂದು ತಿಳಿದುಹೋಯಿತು. ಅಂಚು ಚೂಪಾಗಿರಲಿಲ್ಲ, ಅಗತ್ಯಕ್ಕಿಂತ ಮೊದಲೇ ಬಾಗುತ್ತಿತ್ತು. ಬಾಯಲ್ಲಿ ಹೇಳಿದರೆ ಅರ್ಥವಾಗದು ಎಂದು ಉಜ್ಜುವ ಅರ ಕೇಳಿದ. ಕೋಟು ಕಳಚಿ ಕುರ್ಚಿಗೆ ಹಾಕಿದ.

ಉಜ್ಜಿದ, ಹಿಡಿದು ನೋಡಿದ, ಊದಿದ, ಮತ್ತೆ ಉಜ್ಜಿದ. ಮೂವರೂ ಸುತ್ತ ಬಂದು ನಿಂತರು. ಅವಳ ಅಂಗೈ ಕೇಳಿ ಅದರಲ್ಲಿಟ್ಟು, ಮುಚ್ಚಿ ಎಂದ. ಬಿಸಿಲು ಗೋಡೆಯ ಮೇಲೆ ಸರಿದದ್ದು ಅವನಿಗೆ ಗೊತ್ತಾಗಲಿಲ್ಲ. ಅಂಗಿಯ ತೋಳೆಲ್ಲ ಬಿಳಿ ಪುಡಿ. ಯಾರೋ ನೀರು ಕೊಟ್ಟರು, ಕುಡಿದ. ಕೊನೆಗೆ ಅವಳು ಬಿಲ್ಲೆ ಮುಚ್ಚಿ ಹಿಡಿದು, ಮುಷ್ಟಿಯೊಳಗೆ ಏನೂ ಇಲ್ಲವೆಂಬಂತೆ ಕೈಯನ್ನೇ ನೋಡುತ್ತ ನಿಂತಳು. ಅವನು ನಗುತ್ತಿದ್ದ. ತಾನು ನಗುತ್ತಿದ್ದೇನೆ ಎಂದು ತಿಳಿದಾಗ ಷಡ್ಡಕನೂ ತನ್ನನ್ನೇ ನೋಡಿ ನಗುತ್ತಿದ್ದ.

“ಅಣ್ಣ, ಇಲ್ಲಿಗೇ ಬಂದ್ಬಿಡಿ” ಎಂದ ಚಿಕ್ಕಳಿಯ. “ಮೊದ್ಲಿಂದ ಕೇಳ್ಬೇಕು ಅಂತಿದ್ದೆ, ಧೈರ್ಯ ಬರ್ಲಿಲ್ಲ. ಅಂಚು ಪೂರ್ತಿ ನಿಮ್ದು. ಯಾರೂ ಕೈ ಹಾಕಲ್ಲ.”

ಗಡ್ಡದವನು ಆಗಲೇ ಮೇಜಿನ ಒಂದು ಬದಿಯ ಸಾಮಾನನ್ನು ಆಚೆ ತಳ್ಳುತ್ತಿದ್ದ. ಬಾಗಿಲಿನ ಹಿತ್ತಾಳೆ ಹಿಡಿ ಇರುವ ಬದಿ, ಕಿಟಕಿಯ ಪಕ್ಕ. ಅಲ್ಲಿ ಕೂತರೆ ಬೆಳಕು ಎಡದಿಂದ ಬೀಳುತ್ತದೆ, ಅಂಚಿನ ಕೆಲಸಕ್ಕೆ ಬೇಕಾದದ್ದೇ ಅದು. ದೊಡ್ಡಳಿಯ ಆ ಜಾಗ ನೋಡಿದ. ಕೂರಬೇಕೆನಿಸಿತು. ಮೊಣಕಾಲು ಆಗಲೇ ಅತ್ತ ತಿರುಗಿತ್ತು. ಆಗ ಮಾವ ಪತ್ರಿಕೆ ಮಡಚಿಟ್ಟು, ಚಿಕ್ಕಳಿಯಂದಿರು ದೊಡ್ಡಳಿಯಂದಿರಿಗೂ ಕೆಲಸ ಕೊಟ್ಟರಂತೆ ಎಂದು ಪಕ್ಕದ ಮನೆಯವರಿಗೆ ಸೂಚನೆ ಕೊಡುವುದು ಕಿವಿಯಲ್ಲಿ ಕೇಳಿಸಿತು. ಲಿಫ್ಟಿನಲ್ಲಿ ತಾನು ಹೇಳುತ್ತಿದ್ದ “ನಮ್ಮ ಹುಡುಗ” ಎಂಬಂಥ ಮಾತು ಇನ್ನು ಈ ಷಡ್ಡಕನ ಬಾಯಲ್ಲಿ ಬರುತ್ತದೆ. ಹೇಳದಿದ್ದರೂ ತನಗೆ ಕೇಳಿಸುತ್ತದೆ. ಇವನು ಹೇಳುವುದೂ ಇಲ್ಲ, ಅದೇ ಇನ್ನೂ ಕಷ್ಟ.

ಅವನು ಅರವನ್ನು ಮೇಜಿನ ಮೇಲಿಟ್ಟ. ಕೋಟು ಎತ್ತಿಕೊಂಡು, ಪುಡಿ ಕೊಡವದೆ ಹಾಕಿಕೊಂಡ.

“ನಾನು ಬರಲ್ಲ” ಎಂದ.

ಈಗಲೇ ಹೇಳಬೇಡಿ, ಯೋಚನೆ ಮಾಡಿ ನೋಡಿ ಎಂದು ಷಡ್ಡಕ ಡಬ್ಬದಿಂದ ಎದ್ದ.

“ಯೋಚನೆ ಮಾಡೋದೇನಿಲ್ಲ. ಇವತ್ತೂ ಬರಲ್ಲ, ಯಾವತ್ತೂ ಬರಲ್ಲ.”