ರೇಡಿಯೋ ಇಲ್ಲ, ಗಡಿಯಾರವೂ ಇಲ್ಲ

ಮೂವತ್ತು ವರ್ಷ ಊರಿಗೆಲ್ಲ ಕಾರು ಓಡಿಸೋದು ಕಲಿಸಿದ ಬ್ರೇಕಮ್ಮನಿಗೆ ಆ ಹೆಸರು ಬಂದದ್ದು ಅವಳ ಕಾಲಡಿ ಇರುತ್ತಿದ್ದ ಎರಡನೇ ಬ್ರೇಕಿನಿಂದ. ಕಲಿಯುವವರು ಗೋಡೆ ಕಡೆ ಹೊರಟರೆ, ಆಡುತ್ತಿದ್ದ ಮಾತು ನಿಲ್ಲಿಸದೆಯೇ ಅದನ್ನು ಒತ್ತಿಬಿಡುತ್ತಿದ್ದಳು. ಕೆಲಸ ಬಿಟ್ಟ ಮೇಲೂ ಮನೆಯವರು ಯಾರೇ ಕಾರು ಕೊಳ್ಳಲಿ, ಮೊದಲು ಅವಳು 'ಹೂಂ' ಅನ್ನಬೇಕು. ಹಾಗಾಗಿ ಆ ಶನಿವಾರ ಬೆಳಿಗ್ಗೆ ತಮ್ಮನ ಮಗಳೂ ಅವಳ ಗಂಡನೂ ಬಂದು ಅವಳನ್ನು ಕರೆದುಕೊಂಡು ಹೋದರು.

ಮಾರುತ್ತಿದ್ದವರು ಕನ್ನಡಕದಂಗಡಿಯ ಮುದುಕರು. ಅಂಗಡಿ ಹಿಂದಿನ ಶೆಡ್ಡಿನ ಬಾಗಿಲು ಎಳೆದು ತೆರೆದರು. ನಲವತ್ತೆರಡು ವರ್ಷದ ಕೆನೆಬಣ್ಣದ ಕಾರು ಈಗಷ್ಟೇ ಮಿಂದ ಹಾಗೆ ಕೂತಿತ್ತು.

ಅಳಿಯ ಒಳಗೆ ತಲೆ ಹಾಕಿದ. "ರೇಡಿಯೋ ಎಲ್ಲಿ?"

"ಇಲ್ಲ."

"ಗಡಿಯಾರ?"

"ಅದೂ ಇಲ್ಲ. ಆ ಜಾಗಕ್ಕೆ ಕಂಪನಿಯವರೇ ಮುಚ್ಚಳ ಹಾಕಿದ್ದಾರೆ ನೋಡಿ."

ಕಿಟಕಿಯ ಗಾಜು ಕೈಯಲ್ಲೇ ತಿರುಗಿಸಬೇಕು. ನೆಲಕ್ಕೆ ಬರೀ ರಬ್ಬರು ಹಾಸು. ಪಕ್ಕದಲ್ಲಿ ಕೂತವರಿಗೆ ಬಿಸಿಲಿಗೊಂದು ಮರೆಯೂ ಇಲ್ಲ. ಅಳಿಯನ ಮುಖ ಸಪ್ಪಗಾಯಿತು. "ಇದೇನತ್ತೆ, ಬಾಡಿಗೆ ಮನೆ ಖಾಲಿ ಮಾಡಿದ ಹಾಗಿದೆ!"

ಬ್ರೇಕಮ್ಮ ಮಂಡಿಯೂರಿ ಬಾಗಿಲಿನ ಕೆಳಗೆ ಬೆರಳಾಡಿಸಿದಳು. ತುಕ್ಕಿಲ್ಲ. ಬಾನೆಟ್ ಎತ್ತಿದಳು. ಎಂಜಿನ್ ಸುತ್ತ ಕೈಯಾಡಿಸುವಷ್ಟು ಜಾಗ. ಕೆಡುವುದಕ್ಕೆ ಅಲ್ಲಿ ಸಾಮಾನೇ ಕಡಿಮೆ. ಕಂಪನಿಯಿಂದ ಬಂದ ಮೇಲೆ ಯಾರೂ ಏನನ್ನೂ ಸೇರಿಸಿರಲಿಲ್ಲ, ಒಂದು ತೂತು ಕೂಡ ಕೊರೆದಿರಲಿಲ್ಲ.

"ಯಾಕೆ ಇಷ್ಟು ಬೋಳು ಕಾರು ತಗೊಂಡ್ರಿ? ಆಗ ಕಷ್ಟ ಇತ್ತಾ?" ತಮ್ಮನ ಮಗಳು ಕೇಳಿಯೇಬಿಟ್ಟಳು.

ಮುದುಕರು ನಕ್ಕರು. "ಕಷ್ಟ ಅಲ್ಲಮ್ಮ, ಆತುರ. ರೇಡಿಯೋ ಬೇಕಂದ್ರೆ ಆರು ತಿಂಗಳು ಕಾಯಿ ಅಂದ್ರು. ಇದನ್ನ ಯಾರೋ ಬೇಡ ಅಂತ ಬಿಟ್ಟುಹೋಗಿದ್ರು. ನನ್ನ ಹೆಂಡ್ತಿ ಸೀದಾ ಹೋಗಿ ಒಳಗೆ ಕೂತ್ಬಿಟ್ಲು, ಇವತ್ತೇ ಸಮುದ್ರ ನೋಡ್ಬೇಕು ಅಂತ. ದಾರಿಯುದ್ದಕ್ಕೂ ಅವಳೇ ಹಾಡಿದ್ಲು. ಶ್ರುತಿ ಅನ್ನೋದು ಹತ್ರಾನೂ ಸುಳೀಲಿಲ್ಲ."

ಬ್ರೇಕಮ್ಮ ಕೀಲಿ ಇಸಕೊಂಡು ಒಬ್ಬಳೇ ಹೊರಟಳು. ಸ್ಟೀರಿಂಗ್ ಕಲ್ಲಿನಷ್ಟು ಭಾರ. ಆದರೆ ಗೇರು ಬೆಣ್ಣೆ. ಚಕ್ರದಡಿಯ ಜಲ್ಲಿ, ಗಾಳಿ, ಎಡಗಡೆ ಮುಂದಿನ ಗಾಲಿಯ ಸಣ್ಣ ಗೊಣಗಾಟ, ಎಲ್ಲ ಕೇಳುತ್ತಿತ್ತು. ಎರಡನೇ ತಿರುವಿನಲ್ಲಿ ಅವಳಿಗೆ ಥಟ್ಟನೆ ಹೊಳೆಯಿತು: ಮೂವತ್ತು ವರ್ಷ ಪಕ್ಕದ ಸೀಟಿನಲ್ಲೇ ಕಳೆದಿದ್ದಳು. ತನ್ನದು ಅಂತ ಒಂದು ಕಾರೂ ಇರಲಿಲ್ಲ.

ವಾಪಸು ಬಂದವಳು ಅಳಿಯನಿಗೆ ಹೇಳಿದಳು: "ಎಡಗಾಲಿ ಬೇರಿಂಗ್ ಬದಲಾಯಿಸ್ಬೇಕು. ಉಳಿದದ್ದೆಲ್ಲ ಚೊಕ್ಕ. ಆದ್ರೆ ನಿಂಗೆ ಬೇಡಪ್ಪ. ದಿನಾ ಆಫೀಸಿಗೆ ಇದ್ರಲ್ಲಿ ಹೋದ್ರೆ ತೋಳು ಬಿದ್ದುಹೋಗುತ್ತೆ." ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡಳು. "ಅಲ್ಲ, ನನ್ನ ಮಾತು ನಂಬ್ಬೇಡ. ನಂಗೇ ಆಸೆ ಹತ್ಬಿಟ್ಟಿದೆ."

ತಮ್ಮನ ಮಗಳು ಕಿಸಕ್ಕನೆ ನಕ್ಕಳು. ಅಳಿಯನಿಗೆ ಅನುಮಾನ. "ನಾನೇ ಓಡಿಸಿ ನೋಡ್ತೀನಿ" ಅಂತ ಹೋದವನು ಕಾಲು ಗಂಟೆಗೆ ಬಂದ, ಅಂಗಿ ಬೆನ್ನಿಗಂಟಿತ್ತು. ಚೌಕದಲ್ಲಿ ಮೂರು ಸಲ ಎಂಜಿನ್ ನಿಂತು, ಹಿಂದಿನವರೆಲ್ಲ ಅವನ ಜನ್ಮ ಜಾಲಾಡಿದ್ದರಂತೆ. "ಅತ್ತೆ, ನೀವೇ ಇಟ್ಕೊಳ್ಳಿ."

ಆದರೆ ಮುದುಕರು ತಲೆಯಾಡಿಸಿದರು. "ನನ್ನ ಕಾರು ಕೊಡೋ ಮುಂಚೆ ನಿಮ್ಮ ಕಣ್ಣು ನೋಡ್ಬೇಕು."

ಬ್ರೇಕಮ್ಮನಿಗೆ ರೇಗಿತು. ಎಷ್ಟೋ ಜನರನ್ನು ಪರೀಕ್ಷೆಗೆ ಕಳಿಸಿದವಳು! ಆದರೂ ಅಂಗಡಿಯೊಳಗಿನ ಎತ್ತರದ ಕುರ್ಚಿಯಲ್ಲಿ ಶಾಲೆಮಗುವಿನ ಹಾಗೆ ಕೂತಳು. ಎದುರಿನ ಅಕ್ಷರದ ಹಲಗೆಯಲ್ಲಿ ಮೇಲಿನ ಸಾಲುಗಳು ಸರಾಗ. ಕೆಳಗಿನದಕ್ಕೆ ಕಣ್ಣು ಕಿರಿದು ಮಾಡಿ, "ಧ" ಅಂದಳು.

"ಥ."

"ಚುಕ್ಕಿ ಎಲ್ಲಿದೆ?"

"ಇದೆ. ನಿಮಗೆ ಕಾಣ್ತಿಲ್ಲ." ಅವರು ಗೆದ್ದವರ ಹಾಗೆ ಬೀಗಲಿಲ್ಲ, ಮೆಲ್ಲನೆ ಗಾಜು ಬದಲಿಸಿದರು. "ಈಗ?"

ಬ್ರೇಕಮ್ಮ ಮುಂದಕ್ಕೆ ಬಾಗಿದಳು. ಚುಕ್ಕಿ ಅಲ್ಲೇ ಇತ್ತು, ಸಾಸಿವೆಯಷ್ಟು ದುಂಡಗೆ.

ಬುಧವಾರ ಹೊಸ ಕನ್ನಡಕವೂ ಕೀಲಿಯೂ ಕೈಗೆ ಬಂದವು. ಮುದುಕರು ಬೀದಿಯವರೆಗೂ ಬಂದು ಕೈಬೀಸಿದರು. ಗಿಡಗಳಲ್ಲಿ ಎಲೆಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಮನೆ ಬಂತು, ಅವಳು ನಿಲ್ಲಿಸಲಿಲ್ಲ. ಮುಂದಿನ ತಿರುವಿನವರೆಗೆ ಹೋಗಿಬರೋಣ ಅಂದುಕೊಂಡವಳು ಊಟದ ಹೊತ್ತು ಮೀರಿದರೂ ಬರಲಿಲ್ಲ.